‘ಒಪ್ಪುತ್ತೇನೆ’ ಎಂಬ ಗುಂಡಿ ಮತ್ತು ಗಡಿ ಕನ್ನಡಿಗರ ಹೊಸ ಹಕ್ಕು

ಕೇಂದ್ರ ಸರಕಾರವು 2025ರ ನವೆಂಬರ್ ತಿಂಗಳಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳನ್ನು ಪ್ರಕಟಿಸಿತು. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದು, ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಗದದ ಮೇಲೆಯೇ ಉಳಿದಿದ್ದ ಕಾಯ್ದೆಯೊಂದಕ್ಕೆ ಇದರಿಂದ ಜೀವ ಬಂದಿತು. ತಪ್ಪಿದ ಕಂಪನಿಗಳಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದೆಂಬ ಅಂಶವೇ ಈ ಕಾಯ್ದೆಯ ಚರ್ಚೆಯಲ್ಲಿ ಮುಂದೆ ನಿಲ್ಲುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡಿಗರಾದ ನಾವು ಗಮನಿಸಬೇಕಾದದ್ದು ಬೇರೊಂದಿದೆ. ಅದು 5ನೆಯ ಕಲಮಿನ 3ನೆಯ ಉಪಕಲಮು. ನಮ್ಮ ಮಾಹಿತಿಯನ್ನು ಪಡೆಯುವ ಮುನ್ನ ಕೊಡಬೇಕಾದ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಮಗಿರಬೇಕೆಂದು ಅದು ಹೇಳುತ್ತದೆ. 6ನೆಯ ಕಲಮು ಒಪ್ಪಿಗೆ ಕೇಳುವ ಕೋರಿಕೆಗೂ ಇದೇ ಮಾತನ್ನು ಅನ್ವಯಿಸುತ್ತದೆ.

ಎಂಟನೆಯ ಅನುಸೂಚಿಯಲ್ಲಿ 22 ಭಾಷೆಗಳಿವೆ. 1950ರಲ್ಲಿ ಅದು 14 ಭಾಷೆಗಳೊಂದಿಗೆ ಆರಂಭವಾದ ದಿನದಿಂದಲೂ ಕನ್ನಡ ಅದರಲ್ಲಿದೆ. ಕರ್ನಾಟಕದಲ್ಲಿ ವಾಸಿಸುವವರಿಗೆ ಮಾತ್ರ ಕನ್ನಡ, ಮಹಾರಾಷ್ಟ್ರದಲ್ಲಿ ವಾಸಿಸುವವರಿಗೆ ಮಾತ್ರ ಮರಾಠಿ ಎಂಬ ಷರತ್ತು ಈ ಕಲಮಿನಲ್ಲಿಲ್ಲ. ಆಯ್ಕೆ ವ್ಯಕ್ತಿಯದು, ರಾಜ್ಯದ್ದಲ್ಲ. ಈ ಸಣ್ಣ ವಾಕ್ಯದ ತೂಕವನ್ನು ಅರಿಯಬೇಕಾದರೆ ನಮ್ಮ ನೆಲದ ಸ್ಥಿತಿಯನ್ನು ಮೊದಲು ನೆನೆಯಬೇಕು.

ಮೂರು ಭಾಷೆಗಳ ನಡುವೆ ಒಂದು ಫೋನು

1956ರ ನವೆಂಬರ್ 1ರವರೆಗೆ ಉದಗೀರ ಮತ್ತು ನಿಲಂಗಾ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅಹಮದಪುರದೊಡನೆ ಈ ಎರಡೂ ತಾಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ ಕೂಡ ಮರಾಠವಾಡದೊಂದಿಗೆ ಅತ್ತಲೇ ಹೋಯಿತು. ಭಾಲ್ಕಿ, ಬಸವಕಲ್ಯಾಣ, ಆಳಂದಗಳೊಡನೆ ಹೆಣ್ಣು ಕೊಟ್ಟು ತಂದು ಬಾಳುವ ಹಳ್ಳಿಗಳು ಒಂದು ಗೆರೆಯ ಆಚೆ ಈಚೆ ಆದವು. ಅಂದಿನಿಂದ ನಮ್ಮ ಮನೆಯ ಮಾತು ಕನ್ನಡ, ಶಾಲೆಯ ಓದು ಬಹುತೇಕ ಮರಾಠಿ, ನ್ಯಾಯಾಲಯ ಮತ್ತು ಬ್ಯಾಂಕಿನ ದೊಡ್ಡ ಕಾಗದ ಇಂಗ್ಲಿಷು ಎಂಬ ತ್ರಿವಳಿಯೊಳಗೆ ನಾವು ಬದುಕುತ್ತಿದ್ದೇವೆ.

ಮೊಬೈಲ್ ಫೋನು ಈ ತ್ರಿವಳಿಯನ್ನು ಅಂಗೈಗೆ ತಂದಿದೆ. ನಮ್ಮ ಹಳ್ಳಿಗಳಲ್ಲಿ ಹೊಸ ಫೋನಿನೊಳಗೆ ಆ್ಯಪ್‌ಗಳನ್ನು ಹಾಕಿಕೊಡುವವನು ಅಂಗಡಿಯವನು, ಇಲ್ಲವೇ ಮನೆಯ ಎಂಟನೆಯ ತರಗತಿಯ ಹುಡುಗ. ಮುದುಕರು, ಹೆಣ್ಣುಮಕ್ಕಳು ಫೋನು ಅವನ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲುತ್ತಾರೆ. ಪರದೆಯ ಮೇಲೆ ಕರಾರಿನ ಪಾಠ ಬರುತ್ತದೆ. ಅವನ ಹೆಬ್ಬೆರಳು ‘ಒಪ್ಪುತ್ತೇನೆ’ ಎಂಬುದನ್ನು ಒತ್ತುತ್ತದೆ. ನಂಬರುಗಳ ಪಟ್ಟಿ, ಫೋಟೋ, ಇರುವ ಜಾಗ, ಮೈಕು ಎಂದು ಒಂದೊಂದಾಗಿ ಅನುಮತಿ ಕೇಳಲಾಗುತ್ತದೆ. ಒಂದೊಂದಕ್ಕೂ ಅದೇ ಹೆಬ್ಬೆರಳು ಹೌದು ಎನ್ನುತ್ತದೆ. ಕಾನೂನಿನ ಕಣ್ಣಿಗೆ ಈ ಎಲ್ಲ ಒಪ್ಪಿಗೆ ಫೋನಿನ ಒಡೆಯಳಾದ ಅಜ್ಜಿಯದು.

ಇದು ಬರಿಯ ಮಾತಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 13ನೆಯ ಕಲಮಿನ ಪ್ರಕಾರ, ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಸಮ್ಮತಿ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಅನಂತರ ಸೇರಿಸಿದ 10ಎ ಕಲಮು, ವಿದ್ಯುನ್ಮಾನ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎನ್ನುತ್ತದೆ. ಗುಂಡಿ ಒತ್ತಿದ್ದು ಸಹಿಗೆ ಸಮ. ಆದರೆ ‘ಒಂದೇ ಅರ್ಥದಲ್ಲಿ’ ಎಂಬ ಹಳೆಯ ಷರತ್ತು ಎಲ್ಲಿ ಹೋಯಿತು? ಒಬ್ಬರಿಗೆ ಅದರ ಭಾಷೆಯೇ ತಿಳಿಯದಿರುವಾಗ ಅರ್ಥ ಒಂದಾಗುವುದು ಹೇಗೆ?

ಓದಿ ಹೇಳುವ ಹಳೆಯ ನ್ಯಾಯ

ಈ ಪ್ರಶ್ನೆ ದಖ್ಖನಿಗೆ ಹೊಸದಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ಆರಂಭವಾದ ರೈತರ ದಂಗೆ ಅಹಮದನಗರ ಜಿಲ್ಲೆಗೂ ಹಬ್ಬಿತು. ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಮುಖ್ಯವಾಗಿ ಕೇಳಿದ್ದು ಸಾಲದ ಪತ್ರಗಳನ್ನು, ಸಿಕ್ಕವನ್ನು ಸುಟ್ಟರು. ತಾವು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನು ಬರೆದಿದೆಯೆಂದು ಓದಲಾಗದವರ ಸಿಟ್ಟು ಅದರಲ್ಲಿತ್ತು. ಸರಕಾರ ವಿಚಾರಣೆ ನಡೆಸಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆಯನ್ನು ತಂದಿತು. ಪುಣೆ, ಸಾತಾರಾ, ಅಹಮದನಗರಗಳೊಂದಿಗೆ ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಗೂ ಅದು ಅನ್ವಯಿಸಿತು. ರೈತನ ಸಾಲಪತ್ರವನ್ನು ಗ್ರಾಮ ನೋಂದಣಾಧಿಕಾರಿಯ ಮುಂದೆ ಬರೆಯಬೇಕು, ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಅರ್ಥವಾಗಿದೆಯೆಂದು ಖಾತ್ರಿಯಾದ ಮೇಲೆಯೇ ಸಹಿ ಪಡೆಯಬೇಕು ಎಂಬುದು ಅದರ ಒಂದು ಏರ್ಪಾಡು.

ಆ ಕಾಯ್ದೆಯ ಒಳಿತು ಕೆಡುಕುಗಳನ್ನು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಆದರೆ ಅದರ ಹಿಂದಿನ ತಿಳಿವಳಿಕೆ ಸರಿಯಾಗಿತ್ತು. ಓದದೆ ಸಹಿ ಮಾಡಿದ ದೋಷವನ್ನು ರೈತನ ಮೇಲೆ ಹೊರಿಸದೆ, ಓದಿ ತಿಳಿಸುವ ಹೊಣೆಯನ್ನು ಅದು ಬರೆಸಿಕೊಳ್ಳುವ ವ್ಯವಸ್ಥೆಯ ಮೇಲೆ ಹೊರಿಸಿತು. ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ ನಮ್ಮ ಹೆಬ್ಬೆಟ್ಟು ಮಸಿಯಿಂದ ಗಾಜಿನ ಪರದೆಗೆ ಬಂದಿದೆ; ಓದಿ ಹೇಳುವವನು ಮಾತ್ರ ಕಾಣೆಯಾಗಿದ್ದಾನೆ.

ಓದದಿರುವುದು ಅನಕ್ಷರಸ್ಥರ ದೋಷವೇ?

‘ನಿಮ್ಮ ಜನ ಓದುವುದಿಲ್ಲ, ಅದಕ್ಕೆ ಮೋಸ ಹೋಗುತ್ತಾರೆ’ ಎಂಬ ಮಾತನ್ನು ನಾವು ಅಧಿಕಾರಿಗಳ ಬಾಯಲ್ಲೂ ವಿದ್ಯಾವಂತರ ಬಾಯಲ್ಲೂ ಕೇಳುತ್ತೇವೆ. ಹೊರ ಜಗತ್ತಿನ ಅನುಭವ ಇದನ್ನು ಸುಳ್ಳು ಮಾಡುತ್ತದೆ. ಅಮೆರಿಕದ ಪಿಸಿ ಪಿಟ್‌ಸ್ಟಾಪ್ ಎಂಬ ಸಂಸ್ಥೆಯು ತನ್ನ ತಂತ್ರಾಂಶದ ಪರವಾನಗಿ ಕರಾರಿನೊಳಗೆ, ಇದನ್ನು ಓದಿ ಈ ವಿಳಾಸಕ್ಕೆ ಬರೆದವರಿಗೆ ಹಣದ ಬಹುಮಾನ ಸಿಗಬಹುದೆಂಬ ಸಾಲನ್ನು ಸೇರಿಸಿತ್ತು. ನಾಲ್ಕು ತಿಂಗಳಲ್ಲಿ 3000ಕ್ಕೂ ಹೆಚ್ಚು ಮಂದಿ ಅದನ್ನು ಇಳಿಸಿಕೊಂಡ ಬಳಿಕ ಮೊದಲ ಪತ್ರ ಬಂದಿತು. ಬರೆದವನಿಗೆ 1000 ಡಾಲರ್ ದೊರೆಯಿತು. 2010ರಲ್ಲಿ ಬ್ರಿಟನ್ನಿನ ಗೇಮ್‌ಸ್ಟೇಷನ್ ಎಂಬ ಆಟದ ಮಳಿಗೆಯು, ಗ್ರಾಹಕರು ತಮ್ಮ ಅಮರ ಆತ್ಮವನ್ನೇ ತನಗೆ ಒಪ್ಪಿಸುತ್ತಾರೆಂಬ ಷರತ್ತನ್ನು ಏಪ್ರಿಲ್ 1ರ ತಮಾಷೆಗಾಗಿ ಬರೆಯಿತು. ಸಾವಿರಾರು ಮಂದಿ ಒಪ್ಪಿದರು. ಅವರೆಲ್ಲ ಅಕ್ಷರಸ್ಥರು, ತಮ್ಮದೇ ಭಾಷೆಯಲ್ಲಿ ಓದಬಲ್ಲವರು.

ಏಕೆ ಓದುವುದಿಲ್ಲ? ಓದಿ ಮುಗಿಸಲಾಗದಷ್ಟು ಇದೆ, ಆದ್ದರಿಂದ. 2008ರಲ್ಲಿ ಅಮೆರಿಕದ ಸಂಶೋಧಕಿಯರಾದ ಅಲೀಷಿಯಾ ಮೆಕ್‌ಡೊನಾಲ್ಡ್ ಮತ್ತು ಲೊರಿ ಕ್ರೇನರ್ ಲೆಕ್ಕ ಹಾಕಿ, ಒಬ್ಬರು ತಾವು ನೋಡುವ ಜಾಲತಾಣಗಳ ಖಾಸಗಿತನದ ನೀತಿಗಳನ್ನೆಲ್ಲ ಓದಲು ವರ್ಷಕ್ಕೆ ಸುಮಾರು 200 ಗಂಟೆ ಬೇಕೆಂದರು. 2016ರಲ್ಲಿ ನಾರ್ವೆಯ ಗ್ರಾಹಕ ಮಂಡಳಿಯು, ಒಂದು ಸಾಮಾನ್ಯ ಫೋನಿನಲ್ಲಿರುವ 33 ಆ್ಯಪ್‌ಗಳ ಷರತ್ತುಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿಸಿತು. ಓದು 31 ಗಂಟೆ ಮೀರಿ ನಡೆಯಿತು.

ಓದಿಸುವ ಸಲುವಾಗಿ ಕಂಪನಿಗಳು ಹೂಡುವ ಉಪಾಯಗಳೂ ನಮಗೆ ಗೊತ್ತಿವೆ. ಕೊನೆಯ ಸಾಲಿನವರೆಗೆ ಎಳೆದರೆ ಮಾತ್ರ ಗುಂಡಿ ತೆರೆಯುತ್ತದೆ. ‘ಓದಿದ್ದೇನೆ’ ಎಂಬ ಚೌಕದಲ್ಲಿ ಗುರುತು ಹಾಕಬೇಕಾಗುತ್ತದೆ. ಇವು ಬೆರಳನ್ನು ದುಡಿಸುತ್ತವೆ, ತಿಳಿವನ್ನು ಬೆಳೆಸುವುದಿಲ್ಲ. ಓದಿಸದೆಯೇ ‘ಓದಿದ್ದೇನೆ’ ಎಂದು ಬರೆಸಿಕೊಂಡಂತಾಗುತ್ತದೆ, ಅಷ್ಟೆ. ಪಾಠ ಮಾಡುವ ನಮಗೆ ಒಂದು ಸಂಗತಿ ಗೊತ್ತು: ಮಗು ಓದಬೇಕಾದರೆ ಪಾಠ ಚಿಕ್ಕದಾಗಿರಬೇಕು, ತಿಳಿಯುವ ಭಾಷೆಯಲ್ಲಿರಬೇಕು, ಓದಿದ್ದರಿಂದ ಏನಾದರೂ ಬದಲಾಗುವಂತಿರಬೇಕು. ಓದಿದರೂ ಅಷ್ಟೆ, ಓದದಿದ್ದರೂ ಅಷ್ಟೆ ಎಂದಾದರೆ ಯಾರು ಓದುತ್ತಾರೆ? ‘ಒಪ್ಪು, ಇಲ್ಲವೇ ಬಿಟ್ಟು ಹೋಗು’ ಎನ್ನುವ ಕರಾರಿನಲ್ಲಿ ಓದುವಿಕೆಗೆ ಬೆಲೆಯಿಲ್ಲ. 2021ರ ವಾಟ್ಸ್‌ಆ್ಯಪ್ ನೀತಿಯಲ್ಲಿ ಇಂಥದೇ ಧೋರಣೆ ಕಂಡು ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರಿನಲ್ಲಿ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು.

ಹೊಸ ಕಾಯ್ದೆ ಏನು ಕೊಡುತ್ತದೆ?

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಕನ್ನಡಿಗರೊಬ್ಬರ ಹೆಸರಿನಲ್ಲಿ ದೇಶ ಪಡೆದ ಆ ಹಕ್ಕಿನ ನೆಲೆಯ ಮೇಲೆ 2023ರ ಕಾಯ್ದೆ ನಿಂತಿದೆ.

ಅದರ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ಕಾಯ್ದೆಯೇ ಒಂದು ದೃಷ್ಟಾಂತ ಕೊಡುತ್ತದೆ: ವೈದ್ಯಕೀಯ ಸಲಹೆಯ ಆ್ಯಪೊಂದು ಸೇವೆಗೆ ಬೇಕಾದ ಮಾಹಿತಿಯ ಜೊತೆಗೆ ಫೋನಿನ ನಂಬರುಗಳ ಪಟ್ಟಿಯನ್ನೂ ಕೇಳಿ, ಬಳಕೆದಾರನು ಎರಡಕ್ಕೂ ಹೌದೆಂದರೂ, ಸೇವೆಗೆ ನಂಬರುಗಳ ಪಟ್ಟಿ ಅಗತ್ಯವಿಲ್ಲದ ಕಾರಣ ಒಪ್ಪಿಗೆ ಸೇವೆಗಷ್ಟೇ ಸೀಮಿತ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆಯಬಹುದು. ಕೊಡುವುದು ಎಷ್ಟು ಸುಲಭವೋ ಹಿಂತೆಗೆಯುವುದೂ ಅಷ್ಟೇ ಸುಲಭವಾಗಿರಬೇಕು. ಸರಿಯಾದ ತಿಳಿವಳಿಕೆ ಕೊಟ್ಟು ಒಪ್ಪಿಗೆ ಪಡೆದೆವೆಂದು ರುಜುವಾತು ಮಾಡುವ ಹೊಣೆ ಕಂಪನಿಯದು. 2025ರ ನಿಯಮಗಳು ಇನ್ನೊಂದು ಹೆಜ್ಜೆ ಮುಂದಿಟ್ಟು, ಈ ತಿಳಿವಳಿಕೆ ಪತ್ರವು ಬೇರೆ ಯಾವ ಪಾಠದ ನೆರವೂ ಇಲ್ಲದೆ ತಾನಾಗಿ ಅರ್ಥವಾಗಬೇಕು, ಯಾವ ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂಬುದು ಒಂದೊಂದಾಗಿ ಸರಳ ಭಾಷೆಯಲ್ಲಿರಬೇಕು ಎನ್ನುತ್ತವೆ. ನಲವತ್ತು ಪುಟಗಳ ಕರಾರಿನ ನಡುವೆ ಇದನ್ನು ಹೂತಿಡುವ ದಾರಿ ಇದರಿಂದ ಮುಚ್ಚಬೇಕು. ಕಾಯ್ದೆ ಜಾರಿಯಾಗುವ ಮುನ್ನವೇ ಕೊಟ್ಟ ಹಳೆಯ ಒಪ್ಪಿಗೆಗಳ ಬಗೆಗೂ ಕಂಪನಿಗಳು ತಿಳಿವಳಿಕೆ ಪತ್ರ ಕಳುಹಿಸಬೇಕು. ಅಂದರೆ ಅಜ್ಜಿಯ ಫೋನಿಗೂ ಅದು ಬರಬೇಕು. ಅವಳು ಕೇಳಿದರೆ ಕನ್ನಡದಲ್ಲಿ ಬರಬೇಕು.

ಎಣಿಕೆಯಿಲ್ಲದ ಹಕ್ಕು

ಗಡಿನಾಡಿನ ಹೋರಾಟದಲ್ಲಿರುವವರಿಗೆ ಇದರ ಹೊಸತನ ಕೂಡಲೇ ತಿಳಿಯುತ್ತದೆ. ಇದುವರೆಗೆ ನಮ್ಮ ಭಾಷಾ ಹಕ್ಕುಗಳೆಲ್ಲ ತಲೆ ಎಣಿಸಿ ಕೊಟ್ಟವು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಬೇಕೆಂದರೆ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳನ್ನು ತೋರಿಸಬೇಕು. 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದ ಬಂದ ಸೂತ್ರವಿದು. ಸರಕಾರದ ಮುಖ್ಯ ಪ್ರಕಟಣೆ, ನಿಯಮಗಳು ಅಲ್ಪಸಂಖ್ಯಾತ ಭಾಷೆಯಲ್ಲಿ ಬರಬೇಕೆಂದರೆ ಆ ಜಿಲ್ಲೆಯಲ್ಲೋ ತಾಲೂಕಿನಲ್ಲೋ ಆ ಭಾಷಿಕರು ಶೇಕಡಾ 15ರಷ್ಟಾದರೂ ಇರಬೇಕು. ಇದು 1956ರ ಕೇಂದ್ರ ಸರಕಾರದ ಜ್ಞಾಪನಾ ಪತ್ರದಿಂದ ಬಂದ ರಕ್ಷಣೆ. ಸಂವಿಧಾನದ 350ಎ, 350ಬಿ ಅನುಚ್ಛೇದಗಳೂ ಅದೇ ವರ್ಷದ ಏಳನೆಯ ತಿದ್ದುಪಡಿಯ ಕೂಸುಗಳು. ಎಣಿಕೆ ಒಂದು ಕಡಿಮೆಯಾದರೆ ಹಕ್ಕು ಜಾರಿತು. ಊರು ಹಂಚಿದಾಗ, ತಾಲೂಕು ಒಡೆದಾಗ, ಜನಗಣತಿಯಲ್ಲಿ ಮಾತೃಭಾಷೆಯ ಕಲಮಿನಲ್ಲಿ ಮರಾಠಿಯೆಂದು ಬರೆದುಹೋದಾಗ ನಾವು ಕಳೆದುಕೊಂಡದ್ದು ಹೀಗೆ.

2023ರ ಕಾಯ್ದೆಯಲ್ಲಿ ಶೇಕಡಾವಾರು ಮಿತಿ ಇಲ್ಲ. ಇಡೀ ನಿಲಂಗಾ ತಾಲೂಕಿನಲ್ಲಿ ಒಬ್ಬಳೇ ಒಬ್ಬಳು ಕನ್ನಡದಲ್ಲಿ ಕೇಳಿದರೂ ಅವಳಿಗೆ ಆ ಆಯ್ಕೆ ಇರಬೇಕು. ಇಷ್ಟು ನೇರವಾದ ಭಾಷಾ ಹಕ್ಕನ್ನು ಗಡಿ ಕನ್ನಡಿಗರು ಈ ಹಿಂದೆ ಪಡೆದಿರಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಆದರೂ ಹಿಗ್ಗುವ ಮುನ್ನ ಕೊರತೆಗಳನ್ನು ಹೇಳಲೇಬೇಕು. ಮೊದಲನೆಯದು ಕಾಲ. ಒಪ್ಪಿಗೆಗೆ ಸಂಬಂಧಿಸಿದ ಬಹುತೇಕ ಕಲಮುಗಳು ಪ್ರಕಟಣೆಯ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಎರಡನೆಯದು ಸರಕಾರ. ಸರಕಾರಿ ಸಹಾಯಧನ, ಸವಲತ್ತು, ಪ್ರಮಾಣಪತ್ರಗಳ ಸಲುವಾಗಿ ಮಾಹಿತಿ ಬಳಸಲು 7ನೆಯ ಕಲಮು ಕೆಲವು ಸಂದರ್ಭಗಳಲ್ಲಿ ಹೊಸದಾಗಿ ಒಪ್ಪಿಗೆ ಕೇಳದೆಯೇ ಅವಕಾಶ ಕೊಡುತ್ತದೆ. ಮಹಾರಾಷ್ಟ್ರದ ಲಾಡಕೀ ಬಹೀಣ್ ಯೋಜನೆಯ ತಿಂಗಳ 1500 ರೂಪಾಯಿಗಾಗಿ 2025ರ ಸೆಪ್ಟೆಂಬರಿನಲ್ಲಿ ಇ-ಕೆವೈಸಿ ಕಡ್ಡಾಯವಾಯಿತು. ಇಂಥ ಕಡೆ ನಮ್ಮ ತಾಯಂದಿರಿಗೆ ಹೊಸ ಕಾಯ್ದೆಗಿಂತ ಹಳೆಯ ಶೇಕಡಾ 15ರ ರಕ್ಷಣೆಯೇ ದಿಕ್ಕು. ಆದ್ದರಿಂದ ಎಣಿಕೆಯ ಹೋರಾಟವನ್ನು ನಾವು ಕೈಬಿಡುವಂತಿಲ್ಲ. 2027ರ ಜನಗಣತಿಯಲ್ಲಿ ಮನೆಯ ಮಾತು ಕನ್ನಡವೆಂದು ಬರೆಸುವ ಕೆಲಸ ಎಂದಿನಷ್ಟೇ ಮುಖ್ಯ.

ಮೂರನೆಯದು ನಮ್ಮೊಳಗಿನದು. ಕನ್ನಡ ಆಡುವ ನಮ್ಮ ಅನೇಕ ಮಕ್ಕಳಿಗೆ ಕನ್ನಡ ಲಿಪಿ ಬಾರದು; ಹಿರಿಯರಲ್ಲಿ ಹಲವರಿಗೆ ಯಾವ ಲಿಪಿಯೂ ಬಾರದು. ಲಿಪಿಯಲ್ಲಿ ಮಾತ್ರ ಕೊಟ್ಟ ಕನ್ನಡ ಇವರನ್ನು ಮುಟ್ಟುವುದಿಲ್ಲ. ತಿಳಿವಳಿಕೆ ಪತ್ರವನ್ನು ಕೇಳುವಂತೆ, ದನಿಯಲ್ಲಿಯೂ ಕೊಡಬೇಕೆಂದು ನಾವು ಒತ್ತಾಯಿಸಬೇಕು. 1879ರಲ್ಲಿ ಗಟ್ಟಿಯಾಗಿ ಓದಿ ಹೇಳುವುದು ಸಾಧ್ಯವಿದ್ದಿದ್ದರೆ, ಮಾತನಾಡುವ ಫೋನಿನ ಕಾಲದಲ್ಲಿ ಅದು ಅಸಾಧ್ಯವಲ್ಲ. ಹಾಗೆಯೇ ಆ ಕನ್ನಡ ಯಂತ್ರಾನುವಾದದ ಒಣ ಪದಗಳ ರಾಶಿಯಾಗಬಾರದು. ‘ಸಂಪರ್ಕ ಸಂಪನ್ಮೂಲಗಳ ಪ್ರವೇಶಾಧಿಕಾರ’ ಎಂದರೆ ಉದಗೀರದಲ್ಲಷ್ಟೇ ಅಲ್ಲ, ಬೆಂಗಳೂರಿನಲ್ಲಿಯೂ ಯಾರಿಗೂ ತಿಳಿಯದು. ‘ನಿಮ್ಮ ಫೋನಿನಲ್ಲಿರುವ ಎಲ್ಲರ ನಂಬರುಗಳನ್ನು ನಾವು ನೋಡುತ್ತೇವೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಸರಳ ಭಾಷೆ ಎಂಬ ಕಾಯ್ದೆಯ ಮಾತಿಗೆ ಇದೇ ಅರ್ಥ.

ನಾಲ್ಕನೆಯದು ನ್ಯಾಯದ ಪ್ರಶ್ನೆ. ನಮ್ಮ ಜೊತೆಯಲ್ಲೇ ಬಾಳುವ ಲಂಬಾಣಿ ತಾಂಡಾಗಳ ಗೋರ್ ಬೋಲಿ ಎಂಟನೆಯ ಅನುಸೂಚಿಯಲ್ಲಿಲ್ಲ. ನಮಗೆ ಸಿಕ್ಕ ಹಕ್ಕು ಅವರಿಗೆ ಸಿಕ್ಕಿಲ್ಲ. ಅಲ್ಪಸಂಖ್ಯಾತರಾಗಿ ನೋವು ಉಂಡ ನಾವು ಅವರ ಪರವಾಗಿಯೂ ದನಿಯೆತ್ತಬೇಕು.

ಇಂದೇ ಕೇಳಬಹುದಾದದ್ದು

2027ರವರೆಗೆ ಕಾಯಬೇಕಾಗಿಲ್ಲದ ಒಂದು ಕ್ಷೇತ್ರವಿದೆ, ಅದು ಸಾಲ. ಫೋನಿನೊಳಗಿನ ನಂಬರುಗಳನ್ನು ಕಿತ್ತುಕೊಂಡು, ಕಂತು ತಪ್ಪಿದಾಗ ಬೀಗರಿಗೂ ನೆಂಟರಿಗೂ ಫೋನು ಮಾಡಿ ಮಾನ ಕಳೆಯುವ ಸಾಲದ ಆ್ಯಪ್‌ಗಳ ಹಾವಳಿ ದೇಶದ ತುಂಬ ನಡೆದಿದೆ. ಬಿತ್ತನೆಯ ಹೊತ್ತಿನಲ್ಲಿ ಕೈ ಬರಿದಾದ ಸೋಯಾ, ತೊಗರಿ ಬೆಳೆಗಾರನಿಗೆ ಅದರ ಜಾಹೀರಾತು ಮೊದಲು ಕಾಣುತ್ತದೆ. ಇಲ್ಲಿ ಓದದ ಒಂದು ಸಾಲಿನ ಬೆಲೆ ಮನೆಯ ಮರ್ಯಾದೆ, ಕೆಲವೊಮ್ಮೆ ಜೀವ.

ಭಾರತೀಯ ರಿಸರ್ವ್ ಬ್ಯಾಂಕಿನ ಆದೇಶದಂತೆ, 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಚಿಲ್ಲರೆ ಅವಧಿ ಸಾಲಗಳಿಗೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಮುಖ್ಯಾಂಶಗಳ ಪತ್ರ ಕೊಡಬೇಕು. ಅದನ್ನು ವಿವರಿಸಿ, ಅರ್ಥವಾಯಿತೆಂಬ ಒಪ್ಪಿಗೆ ಪಡೆಯಬೇಕು. ಬಡ್ಡಿಯೊಂದಿಗೆ ಎಲ್ಲ ಖರ್ಚುಗಳೂ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ, ಯೋಚಿಸಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವಿದೆ. ಮಹಿಳಾ ಬಚತ್ ಗಟ್‌ಗಳವರು ಪಡೆಯುವ ಕಿರುಸಾಲಗಳ ಕಾರ್ಡು ಕೂಡ ಸಾಲ ಪಡೆದವರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕೆಂದು 2022ರ ನಿರ್ದೇಶನ ಹೇಳುತ್ತದೆ. ಸಾಲದ ಆ್ಯಪ್‌ಗಳು ಫೋನಿನ ನಂಬರುಗಳು, ಕರೆಗಳ ದಾಖಲೆ, ಫೋಟೋಗಳನ್ನು ಮುಟ್ಟುವಂತಿಲ್ಲ. ಕೆವೈಸಿಗಾಗಿ ಕ್ಯಾಮೆರಾ, ಮೈಕು, ಸ್ಥಳದ ಮಾಹಿತಿಯನ್ನು ಒಮ್ಮೆ ಮಾತ್ರ, ಸ್ಪಷ್ಟ ಒಪ್ಪಿಗೆಯೊಂದಿಗೆ ಬಳಸಬಹುದು. ‘ತಿಳಿಯುವ ಭಾಷೆ’ ಎಂದರೆ ರಾಜ್ಯಭಾಷೆ ಎಂದೇನೂ ಅಲ್ಲ. ಅದು ಸಾಲಗಾರನ ಭಾಷೆ.

ಆದ್ದರಿಂದ ಓದುಗರಲ್ಲಿ ನಮ್ಮ ಕೋರಿಕೆಗಳು ಇವು. ಸಾಲ ಪಡೆಯುವಾಗ ಕನ್ನಡ ತಿಳಿಯುವವರು ‘ನಮಗೆ ಕನ್ನಡದಲ್ಲಿ ಕೊಡಿ’ ಎಂದು ಬರಹದಲ್ಲಿ ಕೇಳಿರಿ. ಕೊಡದಿದ್ದರೆ ಬ್ಯಾಂಕಿಗೆ ದೂರು ಕೊಟ್ಟು, ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಿರಿ. ಸಾಲದ ಆ್ಯಪನ್ನು ಹಾಕುವ ಮುನ್ನ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿರುವ ಪಟ್ಟಿಯಲ್ಲಿ ಅದರ ಹೆಸರಿದೆಯೇ ನೋಡಿರಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿರಿ; ಕನ್ನಡ ಬಳಸುವವರು ಈ ತಾಲೂಕುಗಳಲ್ಲಿದ್ದಾರೆಂದು ಕಂಪನಿಗಳಿಗೆ ತಿಳಿಯುವ ದಾರಿ ಅದೂ ಒಂದು.

ಶಿಕ್ಷಕ ಬಂಧುಗಳಿಗೆ ಇನ್ನೊಂದು ಮಾತು. ಹೊಸ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳು. ಅವರ ಮಾಹಿತಿ ಪಡೆಯಲು ತಂದೆ ತಾಯಿಯ ಖಚಿತ ಒಪ್ಪಿಗೆ ಬೇಕು. ಇಂದು ಮನೆಮನೆಗಳಲ್ಲಿ ನಡೆಯುತ್ತಿರುವುದು ತಿರುಗುಮುರುಗು: ತಂದೆ ತಾಯಿಯ ಪರವಾಗಿ ಮಕ್ಕಳು ಒಪ್ಪಿಗೆ ಒತ್ತುತ್ತಿದ್ದಾರೆ. ಒತ್ತುವ ಆ ಹುಡುಗನನ್ನೇ ಓದಿ ಹೇಳುವವನನ್ನಾಗಿ ಮಾಡಬಹುದು. ವಾರಕ್ಕೆ ಒಂದು ಅವಧಿಯಲ್ಲಿ ಒಂದು ಆ್ಯಪಿನ ಅನುಮತಿಗಳನ್ನು ತೆಗೆದುಕೊಂಡು, ‘ಇದು ಏನು ಕೇಳುತ್ತದೆ, ಏಕೆ ಕೇಳುತ್ತದೆ, ಇಲ್ಲವೆಂದರೆ ಏನಾಗುತ್ತದೆ’ ಎಂಬ ಮೂರು ಪ್ರಶ್ನೆಗಳಿಗೆ ಮನೆಯ ಮಾತಿನಲ್ಲಿ ಉತ್ತರ ಬರೆಸಿರಿ. ಆ ಉತ್ತರವನ್ನು ಸಂಜೆ ಅಜ್ಜಿಗೆ ಓದಿ ಹೇಳುವುದೇ ಮನೆಗೆಲಸ. ಕನ್ನಡ ಲಿಪಿ ಬಾರದ ಮಗುವಿಗೆ ಲಿಪಿ ಕಲಿಯಲು ಇದಕ್ಕಿಂತ ಒಳ್ಳೆಯ ಕಾರಣ ಸಿಗುವುದು ಕಷ್ಟ.

ಕಾಯ್ದೆ ‘ಆಯ್ಕೆ’ ಎಂಬ ಪದವನ್ನು ಬಳಸಿದೆ. ಆಯ್ದುಕೊಳ್ಳುವವರು ಇಲ್ಲದಿದ್ದರೆ ಆಯ್ಕೆ ಸೊರಗುತ್ತದೆ. ಮಕ್ಕಳಿಲ್ಲವೆಂದು ನಮ್ಮ ಶಾಲೆಗಳು ಮುಚ್ಚಿದಂತೆ, ಕೇಳುವವರಿಲ್ಲವೆಂದು ಕನ್ನಡದ ಪಾಠವೂ ಪಟ್ಟಿಯಿಂದ ಇಳಿದುಹೋಗುತ್ತದೆ. 2027ರ ಮೇ ತಿಂಗಳಿಗೆ ಮುನ್ನ ಉಮರ್ಗಾ, ನಿಲಂಗಾ, ಉದಗೀರಗಳ ಪ್ರತಿ ಕನ್ನಡ ಸಂಘವೂ ತನ್ನ ಊರಿನಲ್ಲಿ ಈ ಹಕ್ಕಿನ ಕುರಿತು ಒಂದಾದರೂ ಸಭೆ ನಡೆಸಲಿ ಎಂಬುದು ನಮ್ಮ ಆಗ್ರಹ.